ಒಬ್ಬ ಟೀಚರ್, ಸಹಿ ಬೀಳದ ಒಂದು ಕಾಗದ: ಚಿತ್ರಕಥೆ ಕಟ್ಟೋದು ಹೇಗೆ

ಸಿನಿಮಾಕ್ಕೆ ಒಂದು ಒಳ್ಳೆ ಐಡಿಯಾ ಇದೆ ಅನ್ನುವವರು ಮುಂಬೈ ಕನ್ನಡಿಗರಲ್ಲಿ ತುಂಬ ಜನ ಇದ್ದಾರೆ. ಮಾಟುಂಗಾದ ಮೈಸೂರು ಅಸೋಸಿಯೇಷನ್‌ನಲ್ಲಿ ನಾಟಕ ಮುಗಿದು ಹೊರಗೆ ನಿಂತು ಮಾತಾಡುವಾಗ ಈ ಮಾತು ಬಂದೇ ಬರುತ್ತದೆ. ಐಡಿಯಾ ನಿಜಕ್ಕೂ ಚೆನ್ನಾಗಿರುತ್ತದೆ. ಬರೆಯಲು ಕೂತರೆ ಮಾತ್ರ ಇಪ್ಪತ್ತು ಪುಟಕ್ಕೆ ನಿಂತುಬಿಡುತ್ತದೆ. ಹೆಚ್ಚಿನ ಸಲ ಕಾರಣ ಒಂದೇ. ಕಥೆಯನ್ನು ಒಂದು ಕಡೆ ಯೋಚಿಸಿರುತ್ತಾರೆ, ಪಾತ್ರವನ್ನು ಇನ್ನೊಂದು ಕಡೆ.

ಇಕ್ಕಟ್ಟಿನಲ್ಲಿ ಸಿಕ್ಕಿದ ಒಬ್ಬ ಮನುಷ್ಯ ಒಂದರ ಹಿಂದೆ ಒಂದು ಆಯ್ಕೆ ಮಾಡುತ್ತಾ ಹೋಗುತ್ತಾನಲ್ಲ, ಆ ಆಯ್ಕೆಗಳ ಸಾಲೇ ಕಥೆಯ ರಚನೆ ಅಂತ ನಾನು ನಂಬಿದ್ದೇನೆ. ಕೆಳಗಿನ ಎಲ್ಲ ಹಂತಗಳೂ ಇದೇ ನಂಬಿಕೆಯಿಂದ ಬಂದವು. ಸುಮ್ನೆ ನಿಯಮ ಹೇಳಿದರೆ ತಲೆಗೆ ಹೋಗುವುದಿಲ್ಲ. ಅದಕ್ಕೇ ಒಂದು ಕಾಲ್ಪನಿಕ ಕಥೆಯನ್ನು ಶುರುವಿನಿಂದ ಕಟ್ಟುತ್ತಾ ಹೋಗೋಣ. ನಿಮ್ಮ ಕಥೆಯನ್ನೂ ಪಕ್ಕದಲ್ಲಿಟ್ಟುಕೊಳ್ಳಿ.

ಮೊದಲು ಒಬ್ಬ ಮನುಷ್ಯ

ಮುಂಬೈ ಮಹಾನಗರ ಪಾಲಿಕೆ ಮರಾಠಿ, ಹಿಂದಿ, ಉರ್ದು, ಇಂಗ್ಲಿಷ್, ಗುಜರಾತಿ, ತಮಿಳು, ತೆಲುಗು ಶಾಲೆಗಳ ಜೊತೆ ಕನ್ನಡ ಶಾಲೆಗಳನ್ನೂ ನಡೆಸುತ್ತದೆ. ಒಂದೇ ಕಟ್ಟಡದಲ್ಲಿ ಎರಡು ಮೂರು ಮಾಧ್ಯಮದ ಶಾಲೆಗಳು ಇರುವುದೂ ಉಂಟು. "ಮುಂಬೈಯಲ್ಲಿ ಕನ್ನಡ ಶಾಲೆಗಳು ಕಡಿಮೆಯಾಗುತ್ತಿವೆ" ಅನ್ನುವುದು ವಿಷಯ. ವಿಷಯದ ಮೇಲೆ ಭಾಷಣ ಮಾಡಬಹುದು, ಚಿತ್ರಕಥೆ ಬರೆಯಲು ಆಗುವುದಿಲ್ಲ. ಚಿತ್ರಕಥೆಗೆ ಒಬ್ಬಳು ಬೇಕು.

ಶಾರದಾ ಟೀಚರ್ ಅನ್ನೋಣ. ದಕ್ಷಿಣ ಕನ್ನಡದವಳು, ಮದುವೆಯಾಗಿ ಮುಂಬೈಗೆ ಬಂದವಳು. ಪಾಲಿಕೆಯ ಒಂದು ಸಣ್ಣ ಕನ್ನಡ ಶಾಲೆಯಲ್ಲಿ ಈಗ ಉಳಿದಿರುವುದು ಅವಳೊಬ್ಬಳೇ, ಹಾಗಾಗಿ ಮುಖ್ಯ ಶಿಕ್ಷಕಿಯ ಇನ್‌ಚಾರ್ಜ್ ಕೂಡ ಅವಳೇ. ನಿವೃತ್ತಿಗೆ ಎರಡು ವರ್ಷ ಬಾಕಿ.

ಇಷ್ಟು ಬರೆದರೆ ಸಿಗುವುದು ಬಯೋಡೇಟಾ ಅಷ್ಟೇ. ಅದು ಪಾತ್ರ ಆಗಬೇಕಾದರೆ ಕೆಲವು ಪ್ರಶ್ನೆ ಕೇಳಬೇಕು. ಅವಳಿಗೆ ಏನು ಬೇಕು? ಅದು ಈಗಲೇ ಯಾಕೆ ಬೇಕು? ಸಿಗದಿದ್ದರೆ ಏನು ಕಳೆದುಕೊಳ್ಳುತ್ತಾಳೆ? ಯಾರಿಗೂ ಹೇಳದೆ ಮುಚ್ಚಿಟ್ಟಿರುವುದೇನು?

ಮೊದಲ ಪ್ರಶ್ನೆಗೆ ಕ್ಯಾಮೆರಾ ಹಿಡಿಯಬಹುದಾದ ಉತ್ತರ ಬೇಕು. "ಕನ್ನಡ ಉಳಿಸಬೇಕು" ಅನ್ನುವುದನ್ನು ಕ್ಯಾಮೆರಾ ಹಿಡಿಯಲಾರದು. "ಜುಲೈ ಕೊನೆಯೊಳಗೆ ಹಾಜರಿ ಪುಸ್ತಕದಲ್ಲಿ ಇಪ್ಪತ್ತು ಹೆಸರು ಇರಬೇಕು, ಇಲ್ಲದಿದ್ದರೆ ಶಾಲೆ ಮುಚ್ಚುತ್ತಾರೆ" ಅಂದಾಗ ಹಿಡಿಯುತ್ತದೆ. ಪ್ರೇಕ್ಷಕರು ಅವಳ ಜೊತೆ ಎಣಿಸಲು ಶುರು ಮಾಡುತ್ತಾರೆ. ಇಪ್ಪತ್ತು ಅನ್ನುವುದು ನಮ್ಮ ಕಥೆಯ ಲೆಕ್ಕ, ಆದರೆ ಪಟಸಂಖ್ಯೆ, ಅಂದರೆ ಹಾಜರಿ ಪುಸ್ತಕದಲ್ಲಿರುವ ಮಕ್ಕಳ ಸಂಖ್ಯೆ, ಅನ್ನುವ ಭಯ ಮಹಾರಾಷ್ಟ್ರದ ಯಾವ ಸಣ್ಣ ಶಾಲೆಯ ಶಿಕ್ಷಕರಿಗೂ ಗೊತ್ತಿರುವಂಥದ್ದೇ.

ಈಗಲೇ ಯಾಕೆ? ಇದಕ್ಕೆ ಊರೇ ಉತ್ತರ ಕೊಡುತ್ತದೆ ನೋಡಿ. ಅವಳ ಮಕ್ಕಳೆಲ್ಲ ಕಲಬುರಗಿ, ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದ ಬಿಗಾರಿಗಳ ಮಕ್ಕಳು. ಇಲ್ಲಿ ಶಾಲೆ ಶುರುವಾಗುವುದು ಜೂನ್ ಮಧ್ಯದಲ್ಲಿ. ಊರಲ್ಲಿ ಮುಂಗಾರು ಬಿತ್ತನೆಯೂ ಅದೇ ಹೊತ್ತಿಗೆ. ಹೊಲ ಇದ್ದವರು ಮಕ್ಕಳನ್ನೂ ಕರೆದುಕೊಂಡು ಊರಿಗೆ ಹೋಗಿರುತ್ತಾರೆ. ಹೆಸರು ಎಣಿಸಬೇಕಾದ ತಿಂಗಳಲ್ಲೇ ಮಕ್ಕಳು ಇರುವುದಿಲ್ಲ! ಇಂಥ ಕಷ್ಟವನ್ನು ಕೂತಲ್ಲಿ ಯೋಚಿಸಿ ಹುಟ್ಟಿಸುವುದು ಕಷ್ಟ. ಬೆಳಿಗ್ಗೆ ಏಳಕ್ಕೆ ದಿನಗೂಲಿಗೆ ಜನ ಕಾಯುವ ಯಾವುದಾದರೂ ಲೇಬರ್ ನಾಕಾದ ಹತ್ತಿರ ನಿಂತು ಜನರ ಜೊತೆ ಮಾತಾಡಿದರೆ ತಾನಾಗೇ ಸಿಗುತ್ತದೆ.

ಸಿಗದಿದ್ದರೆ ಏನಾಗುತ್ತದೆ? ಕೊನೆಯ ಎರಡು ವರ್ಷ ದೂರದ ಯಾವುದೋ ಶಾಲೆಗೆ ಹೆಚ್ಚುವರಿ ಶಿಕ್ಷಕಿಯಾಗಿ ಹೋಗಬೇಕು. ತನ್ನ ಹೆಸರಿನ ಒಂದು ಕೋಣೆಯೂ ಇರುವುದಿಲ್ಲ.

ಮುಚ್ಚಿಟ್ಟಿರುವುದು ಏನು ಅನ್ನುವ ಪ್ರಶ್ನೆಗೆ ಜಾಸ್ತಿ ಹೊತ್ತು ಕೊಡಿ. ಶಾರದಾ ತನ್ನ ಮಗಳನ್ನು ಇಂಗ್ಲಿಷ್ ಮೀಡಿಯಂಗೆ ಹಾಕಿದವಳು. ಮಗಳಿಗೆ ಮನೆಯಲ್ಲಿ ತುಳು ಬರುತ್ತದೆ, ಕನ್ನಡ ಓದಲು ಬರುವುದಿಲ್ಲ. ಹಾಗಂತ ಶಾರದಾ ಕಪಟಿಯಲ್ಲ. ಆಗ ಮಗಳ ಭವಿಷ್ಯದ ಬಗ್ಗೆ ಭಯಪಟ್ಟಳು, ಅಷ್ಟೇ. ಆ ಭಯವೇ ಈಗ ಬೇರೆ ತಾಯಂದಿರ ಮುಖದಲ್ಲಿ ಅವಳ ಎದುರು ಬಂದು ನಿಲ್ಲುತ್ತದೆ. ಪಾತ್ರ ಹೊರಗೆ ಬೇಡುವುದಕ್ಕೂ ಒಳಗೆ ಮುಚ್ಚಿಟ್ಟಿರುವುದಕ್ಕೂ ಹೀಗೆ ತಿಕ್ಕಾಟ ಇದ್ದರೆ ಎರಡು ಗಂಟೆಗೆ ಸಾಕಾಗುವಷ್ಟು ಕಥೆ ಅಲ್ಲೇ ಇದೆ. ತಿಕ್ಕಾಟ ಇಲ್ಲದಿದ್ದರೆ ಮುಂದಿನ ಹಂತಕ್ಕೆ ಹೋಗಬೇಡಿ, ಇಲ್ಲೇ ಇನ್ನೊಂದು ವಾರ ಕೂರಿ.

ಎದುರಾಳಿಯೂ ಸರಿ ಇರಲಿ

ಹೊಸಬರ ಸ್ಕ್ರಿಪ್ಟ್‌ನಲ್ಲಿ ನನಗೆ ಕಾಣುವ ದೊಡ್ಡ ಕೊರತೆ ಇದು. ಎದುರಾಳಿ ಅಂದರೆ ಕೆಟ್ಟವನು ಅಂದುಕೊಂಡಿರುತ್ತಾರೆ. ಇಲ್ಲಿ ಬಿಲ್ಡರ್ ಒಬ್ಬನನ್ನು ತಂದು ಶಾಲೆ ಕೆಡವಿಸಬಹುದು, ಬಹಳ ಸುಲಭ. ಆದರೆ ಶಾರದಾ ಅವನ ಎದುರು ಏನನ್ನೂ ಆಯ್ಕೆ ಮಾಡಬೇಕಾಗಿಲ್ಲ. ಅವನನ್ನು ವಿರೋಧಿಸಿದರೆ ಆಯ್ತು. ಅಲ್ಲಿ ಅವಳ ಒಳಗಿನ ಯಾವುದೂ ಹೊರಬರುವುದಿಲ್ಲ.

ಬದಲಿಗೆ ಯಲ್ಲಮ್ಮನನ್ನು ತರೋಣ. ಯಾದಗಿರಿ ಕಡೆಯವಳು, ಬಿಗಾರಿ ಕೆಲಸ. ಮಗ ಮಲ್ಲು ನಾಲ್ಕನೇ ಕ್ಲಾಸು, ಶಾರದಾಳ ಕ್ಲಾಸಿನಲ್ಲೇ ಚುರುಕು ಹುಡುಗ. ಯಲ್ಲಮ್ಮನಿಗೆ ಬೇಕಾದದ್ದು ಒಂದೇ. ಮಗನನ್ನು ಅದೇ ಕಟ್ಟಡದ ಇಂಗ್ಲಿಷ್ ಶಾಲೆಗೆ ಸೇರಿಸಬೇಕು, ಅದಕ್ಕೆ ಲೀವಿಂಗ್ ಸರ್ಟಿಫಿಕೇಟ್ ಬೇಕು. ತಾಯಿ ಕೇಳುವುದರಲ್ಲಿ ಒಂದಿಷ್ಟೂ ತಪ್ಪಿಲ್ಲ. ಶಾರದಾ ತನ್ನ ಮಗಳಿಗೆ ಮಾಡಿದ್ದನ್ನೇ ಅವಳು ತನ್ನ ಮಗನಿಗೆ ಮಾಡುತ್ತಿದ್ದಾಳೆ. ಸರ್ಟಿಫಿಕೇಟ್‌ಗೆ ಸಹಿ ಹಾಕಬೇಕಾದವಳು ಶಾರದಾ. ಹಾಕಿದರೆ ಇಪ್ಪತ್ತು ಇದ್ದದ್ದು ಹತ್ತೊಂಬತ್ತಾಗುತ್ತದೆ.

ಇಂಗ್ಲಿಷ್ ಶಾಲೆಯ ಕುಲಕರ್ಣಿ ಸರ್ ಕೂಡ ಒಳ್ಳೆಯವರೇ ಇರಲಿ. ಅವರ ಬಾಗಿಲಲ್ಲಿ ಪಾಲಕರ ಸಾಲು, ಕೂರಿಸಲು ಕೋಣೆ ಇಲ್ಲ. ಪಕ್ಕದಲ್ಲಿ ಅರ್ಧ ಖಾಲಿ ಕೋಣೆಯಿದೆ. ಅವರು ಆಸೆಪಟ್ಟರೆ ಯಾರು ಬೈಯಬೇಕು?

ಈ ಹೊತ್ತಿಗೆ ಕಥೆಯನ್ನು ಎರಡು ಸಾಲಿನಲ್ಲಿ ಬರೆಯಲು ಆಗಬೇಕು. "ಶಾಲೆ ಮುಚ್ಚದಂತೆ ಇಪ್ಪತ್ತು ಮಕ್ಕಳನ್ನು ಹೇಗೋ ಸೇರಿಸಿದ ಕನ್ನಡ ಟೀಚರ್ ಒಬ್ಬಳು, ತನ್ನ ಅತ್ಯಂತ ಜಾಣ ಹುಡುಗನ ತಾಯಿ ಅವನನ್ನು ಇಂಗ್ಲಿಷ್ ಶಾಲೆಗೆ ಹಾಕಲು ಸರ್ಟಿಫಿಕೇಟ್ ಕೇಳಿದಾಗ, ಸಹಿ ಹಾಕದೆ ಸುಳ್ಳು ಹೇಳುತ್ತಾಳೆ. ಆ ಸುಳ್ಳಿನಿಂದ ಹುಡುಗ ಎರಡೂ ಶಾಲೆ ಕಳೆದುಕೊಂಡಾಗ, ಶಾಲೆಯೋ ಹುಡುಗನೋ ಅಂತ ಅವಳೇ ನಿರ್ಧರಿಸಬೇಕಾಗುತ್ತದೆ." ಈ ಎರಡು ಸಾಲನ್ನು ಲೋಕಲ್ ಟ್ರೇನಿನಲ್ಲಿ ಪಕ್ಕದಲ್ಲಿ ಕೂತ ಸ್ನೇಹಿತನಿಗೆ ಹೇಳಿ. "ಆಮೇಲೆ?" ಅಂತ ಕೇಳಿದರೆ ಮುಂದೆ ಹೋಗಿ.

ವಿಚಾರಿಸಿದರೆ ಕಥೆಯೇ ಬದಲಾಗುತ್ತದೆ

ಬರೆಯುವ ಮೊದಲು ಆ ಲೋಕದ ಬಗ್ಗೆ ವಿಚಾರಿಸಿ. ಇಲ್ಲೇ ನೋಡಿ. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಶಾಲೆ ಬದಲಿಸುವ ಮಗುವಿಗೆ ವರ್ಗಾವಣೆ ಪತ್ರವನ್ನು, ಅಂದರೆ ಯಲ್ಲಮ್ಮ ಕೇಳುವ ಆ ಸರ್ಟಿಫಿಕೇಟನ್ನು, ಕೂಡಲೇ ಕೊಡಬೇಕು. ತಡಮಾಡಿದ ಮುಖ್ಯ ಶಿಕ್ಷಕರ ಮೇಲೆ ಶಿಸ್ತು ಕ್ರಮ ತೆಗೆದುಕೊಳ್ಳಬಹುದು. ಪತ್ರ ತಡವಾಯಿತು ಅಂತ ಹೊಸ ಶಾಲೆ ಪ್ರವೇಶ ನಿರಾಕರಿಸುವಂತೆಯೂ ಇಲ್ಲ. ಇದನ್ನು ಓದಿದಾಗ "ಅಯ್ಯೋ, ನನ್ನ ಕಥೆ ಬಿದ್ದುಹೋಯಿತು" ಅನ್ನಿಸಬಹುದು. ನಿಜಕ್ಕೂ ಆಗುವುದು ಉಲ್ಟಾ. ಈ ಕಾಯ್ದೆ ಶಾರದಾಳಿಗೆ ಗೊತ್ತು, ಯಲ್ಲಮ್ಮನಿಗೆ ಗೊತ್ತಿಲ್ಲ. ಅವಳ ಸುಳ್ಳು ನಡೆಯುವುದೇ ಆ ತಾಯಿಯ ತಿಳಿಯದಿರುವಿಕೆಯ ಮೇಲೆ. ಸುಳ್ಳಿನ ತೂಕ ಒಮ್ಮೆಲೇ ಹೆಚ್ಚಾಯಿತು. ನಿವೃತ್ತಿಗೆ ಎರಡು ವರ್ಷ ಇರುವಾಗ ಶಿಸ್ತು ಕ್ರಮದ ಭಯವೂ ಸೇರಿಕೊಂಡಿತು. ಎರಡನೇ ಅರ್ಧದಲ್ಲಿ ಯಾರೋ ಯಲ್ಲಮ್ಮನಿಗೆ ಈ ಕಾಯ್ದೆ ಹೇಳಿಕೊಡುತ್ತಾರೆ ಅಂತ ಒಂದು ಸೀನ್ ಕೂಡ ಸಿಕ್ಕಿತು.

ಕೊನೆ, ಇಂಟರ್ವಲ್, ಆಮೇಲೆ ಉಳಿದದ್ದು

ಚಿತ್ರಕಥೆ ಕಲಿಸುವ ಇಂಗ್ಲಿಷ್ ಪುಸ್ತಕಗಳು ಮೂರು ಅಂಕ ಅನ್ನುತ್ತವೆ. ಎರಡು ಗಂಟೆಯ ಚಿತ್ರಕ್ಕೆ ಸುಮಾರು 30 ನಿಮಿಷ ಶುರು, 60 ನಿಮಿಷ ನಡು, 30 ನಿಮಿಷ ಕೊನೆ. ಲೆಕ್ಕ ತಪ್ಪೇನಲ್ಲ. ಆದರೆ ನಮ್ಮಲ್ಲಿ ನಡುವೆ ಇಂಟರ್ವಲ್ ಇದೆ, ಜನ ಎದ್ದು ಹೊರಗೆ ಹೋಗುತ್ತಾರೆ. ಅವರು ವಾಪಸ್ ಬರುವ ಹೊತ್ತಿಗೆ ಕಥೆ ಬೇರೆ ಪ್ರಶ್ನೆ ಕೇಳುತ್ತಿರಬೇಕು. ಹಾಗಾಗಿ ನಾನು ಮೊದಲು ಕೊನೆ ಬರೆಯುತ್ತೇನೆ, ಆಮೇಲೆ ಇಂಟರ್ವಲ್, ಶುರುವನ್ನು ಎಲ್ಲಕ್ಕಿಂತ ಕೊನೆಗೆ.

ಕೊನೆಯಲ್ಲಿ ಪಾತ್ರ ತನಗೆ ಬೇಕಾದ ಎರಡರಲ್ಲಿ ಒಂದನ್ನು ಬಿಡಬೇಕು, ತಾನೇ ಬಿಡಬೇಕು. ನಮ್ಮ ಕಥೆಯಲ್ಲಿ ಇನ್‌ಸ್ಪೆಕ್ಷನ್ ದಿನ. ಅಧಿಕಾರಿ ಕುರ್ಚಿಯಲ್ಲಿ ಕೂತಿದ್ದಾರೆ, ಶಾರದಾ ಹಾಜರಿ ಕರೆಯುತ್ತಿದ್ದಾಳೆ. ಪುಸ್ತಕದಲ್ಲಿ ಇಪ್ಪತ್ತು ಹೆಸರು, ಕೋಣೆಯಲ್ಲಿ ಹತ್ತೊಂಬತ್ತು ಮಕ್ಕಳು. ಮಲ್ಲು ಶಾಲೆ ಬಿಟ್ಟು ಅಮ್ಮನ ಜೊತೆ ಸೈಟಿನಲ್ಲಿದ್ದಾನೆ. "ಹುಷಾರಿಲ್ಲ" ಅಂದರೆ ಸಾಕು, ಶಾಲೆ ಉಳಿಯುತ್ತದೆ. ಅವಳು ನಿಜ ಹೇಳುತ್ತಾಳೆ. ಸಹಿ ಹಾಕದೆ ಇಟ್ಟುಕೊಂಡದ್ದು ತಾನೇ, ಹುಡುಗನಿಗೆ ಇಂಗ್ಲಿಷ್ ಶಾಲೆಯಲ್ಲಿ ಜಾಗ ಕೊಡಿ ಅಂತ ಎಲ್ಲರ ಎದುರು ಕೇಳುತ್ತಾಳೆ.

ಕೊನೆ ಹೀಗೆ ಅಂತ ಗೊತ್ತಾದ ಕೂಡಲೇ ಶುರುವಿನಲ್ಲಿ ಏನಿರಬೇಕು ಅನ್ನುವುದೂ ಗೊತ್ತಾಯಿತು. ಮೊದಲ ಸೀನಿನಲ್ಲೂ ಹಾಜರಿ ಇರಬೇಕು. ಅರ್ಧ ಮಕ್ಕಳಿಲ್ಲ, ಆದರೂ ಎಲ್ಲ ಹೆಸರನ್ನೂ ಕರೆಯುತ್ತಾಳೆ. ಉತ್ತರ ಬರದ ಹೆಸರಿನ ಮುಂದೆ ಸಣ್ಣ ಪೆನ್ಸಿಲ್ ಚುಕ್ಕೆ ಇಡುತ್ತಾಳೆ, ಮಗು ಬಂದಾಗ ಅಳಿಸಲು. ಪ್ರೇಕ್ಷಕರು ಅಭ್ಯಾಸ ಅಂದುಕೊಂಡು ನೋಡುತ್ತಾರೆ. ಕ್ಲೈಮ್ಯಾಕ್ಸ್‌ನಲ್ಲಿ ಅದೇ ಪೆನ್ಸಿಲ್ ಮಲ್ಲುವಿನ ಹೆಸರಿನ ಮೇಲೆ ನಿಂತಾಗ ಯಾವ ಮಾತೂ ಬೇಕಾಗುವುದಿಲ್ಲ.

ಇಂಟರ್ವಲ್ ಅಂದರೆ ಪಾತ್ರ ಹಿಂದೆ ಬರಲಾರದ ಕೆಲಸ ಮಾಡುವ ಜಾಗ. ದೊಡ್ಡ ಗಲಾಟೆ, ಅಪಘಾತ ಬೇಕು ಅಂತೇನಿಲ್ಲ. ಶಾರದಾ ಸಹಿ ಹಾಕದೆ ಡ್ರಾಯರ್‌ಗೆ ಬೀಗ ಹಾಕುತ್ತಾಳೆ. ಅಲ್ಲಿಯವರೆಗೆ "ಇಪ್ಪತ್ತು ಆಗುತ್ತಾ?" ಅಂತ ಕೇಳುತ್ತಿದ್ದ ಪ್ರೇಕ್ಷಕರು ಈಗ "ಗೊತ್ತಾದರೆ ಏನು ಗತಿ?" ಅಂತ ಕೇಳುತ್ತಾರೆ.

ಎರಡನೇ ಅರ್ಧದಲ್ಲಿ ತುಂಬ ಜನ ಸೋಲುತ್ತಾರೆ. ಹೊಸ ಹೊಸ ಘಟನೆ ತುಂಬಿಸುತ್ತಾರೆ. ಅದರ ಬದಲು ಸುಳ್ಳಿಗೆ ಬೆಲೆ ಕಟ್ಟಿಸಿ, ಪ್ರತಿ ಸಲ ಇನ್ನಷ್ಟು ದುಬಾರಿಯಾಗಲಿ. ಕುಲಕರ್ಣಿ ಸರ್ ಮಲ್ಲುವಿಗೆ ಅಂತ ಇಟ್ಟಿದ್ದ ಜಾಗ ಬೇರೆಯವರಿಗೆ ಹೋಗುತ್ತದೆ. ತಪ್ಪು ಕಾಡಿ ಶಾರದಾ ಮಲ್ಲುವಿಗೆ ಸಂಜೆ ಕೂರಿಸಿ ಇಂಗ್ಲಿಷ್ ಹೇಳಿಕೊಡುತ್ತಾಳೆ, ಯಲ್ಲಮ್ಮ ಅದಕ್ಕೆ ಕೈಮುಗಿಯುತ್ತಾಳೆ. ಆ ಕೈಮುಗಿಯುವುದು ಬೈಗುಳಕ್ಕಿಂತ ಜಾಸ್ತಿ ಚುಚ್ಚುತ್ತದೆ. ಆಮೇಲೆ ಯಲ್ಲಮ್ಮನಿಗೆ ಕಾಯ್ದೆ ಗೊತ್ತಾಗುತ್ತದೆ. ಅವಳು ಜಗಳಕ್ಕೆ ಬರುವುದಿಲ್ಲ. ಮರುದಿನದಿಂದ ಹುಡುಗನನ್ನು ಕಳಿಸುವುದಿಲ್ಲ, ಅಷ್ಟೇ.

ರಚನೆ ಗಟ್ಟಿ ಇದೆಯಾ ಅಂತ ನೋಡಲು ಒಂದು ಪರೀಕ್ಷೆ. ಪಕ್ಕಪಕ್ಕದ ಎರಡು ಸೀನ್ ತೆಗೆದು ಅದಲುಬದಲು ಮಾಡಿ. ಏನೂ ವ್ಯತ್ಯಾಸ ಆಗದಿದ್ದರೆ ಅವೆರಡಕ್ಕೂ ಸಂಬಂಧ ಇಲ್ಲ. ಒಂದು ಸೀನಿನ ಕಾರಣದಿಂದಲೇ ಇನ್ನೊಂದು ಹುಟ್ಟಬೇಕು.

ಒನ್‌ಲೈನ್ ಆರ್ಡರ್

ಒಂದು ಸೀನಿಗೆ ಒಂದು ಸಾಲು. ಅಂಗಡಿಯಲ್ಲಿ ಸಿಗುವ ಇಂಡೆಕ್ಸ್ ಕಾರ್ಡ್ ಸಾಕು, ಹಳೆಯ ಆಮಂತ್ರಣ ಪತ್ರಿಕೆಗಳ ಹಿಂಬದಿಯಾದರೂ ನಡೆಯುತ್ತದೆ. ಎರಡು ಗಂಟೆಯ ಚಿತ್ರಕ್ಕೆ ಸಾಮಾನ್ಯವಾಗಿ 50ರಿಂದ 70 ಸೀನ್ ಬರುತ್ತವೆ. ನೆಲದ ಮೇಲೆ ಹರಡಿ, ಪೂರ್ತಿ ಒಂದೇ ಸಲ ನೋಡಿ. ಯಾವ ಕಾರ್ಡಿನಲ್ಲಿ ಯಾರೂ ಏನನ್ನೂ ಬಯಸುತ್ತಿಲ್ಲವೋ ಅದನ್ನು ತೆಗೆದುಬಿಡಿ. ಇಲ್ಲಿ ತೆಗೆದರೆ ಒಂದು ಕಾರ್ಡ್ ಹೋಗುತ್ತದೆ, ಬರೆದ ಮೇಲೆ ತೆಗೆದರೆ ಒಂದು ವಾರದ ಕೆಲಸ ಹೋಗುತ್ತದೆ.

ಸೀನ್ ಬರೆಯುವುದು

ಸೀನಿನ ತಲೆಯಲ್ಲಿ ನಂಬರ್, ಒಳಗೋ ಹೊರಗೋ, ಜಾಗ, ಹೊತ್ತು. ಕೆಳಗೆ ವರ್ತಮಾನ ಕಾಲದಲ್ಲಿ, ಕಣ್ಣಿಗೆ ಕಾಣುವುದು ಮತ್ತು ಕಿವಿಗೆ ಕೇಳುವುದು ಮಾತ್ರ. "ಶಾರದಾಳಿಗೆ ತುಂಬ ಬೇಸರವಾಯಿತು" ಅಂತ ಬರೆದರೆ ನಟಿಗೂ ಕ್ಯಾಮೆರಾಮನ್‌ಗೂ ಏನೂ ಸಿಗುವುದಿಲ್ಲ. ನಮ್ಮ ಇಂಟರ್ವಲ್ ಸೀನ್ ಹೀಗಿರಬಹುದು:

ಸೀನ್ 31. ಒಳಾಂಗಣ. ಕನ್ನಡ ಶಾಲೆಯ ಕೋಣೆ. ಸಂಜೆ.

ಹೊರಗೆ ಜೋರು ಮಳೆ. ಮಕ್ಕಳು ಹೋಗಿಯಾಗಿದೆ. ಶಾರದಾ ಹಾಜರಿ ಪುಸ್ತಕದ ಹೆಸರು ಎಣಿಸುತ್ತಾಳೆ. ಬೆರಳು ಇಪ್ಪತ್ತನೇ ಹೆಸರಿನ ಮೇಲೆ ನಿಲ್ಲುತ್ತದೆ. ಬಾಗಿಲಲ್ಲಿ ಯಲ್ಲಮ್ಮ. ಸೀರೆಯ ಅಂಚಿಗೆ ಸಿಮೆಂಟು.

ಯಲ್ಲಮ್ಮ: ಕಾಗದ ಆತೇನ್ರಿ ಟೀಚರ್?

ಶಾರದಾ: ಒದ್ದೆ ಆಗಿದ್ದೀರಲ್ಲ. ಒಳಗೆ ಬನ್ನಿ.

ಯಲ್ಲಮ್ಮ: ಬ್ಯಾಡ್ರಿ, ನೆಲ ರಾಡಿ ಆಗ್ತದ. ನಾಳಿಗಿ ಆಖರಿ ದಿನ ಅಂತ ಆ ಸರ್ ಹೇಳ್ಯಾರ.

ಶಾರದಾಳ ಕೈ ಡ್ರಾಯರ್‌ನ ಹಿಡಿಯ ಮೇಲೆ.

ಶಾರದಾ: ಮೇಲಿಂದ ಸೈನ್ ಆಗಿ ಬರ್ಲಿಕ್ಕುಂಟು.

ಯಲ್ಲಮ್ಮ: ನಾಳಿ ಬರ್ತದೇನ್ರಿ?

ಶಾರದಾ: ಮಲ್ಲು ಊಟ ಮಾಡಿದ್ನಾ?

ಯಲ್ಲಮ್ಮ ಅವಳನ್ನೇ ನೋಡುತ್ತಾಳೆ. ತಲೆಯಾಡಿಸಿ ಹೊರಡುತ್ತಾಳೆ. ಶಾರದಾ ಡ್ರಾಯರ್ ತೆಗೆಯುತ್ತಾಳೆ. ಮಲ್ಲುವಿನ ಸರ್ಟಿಫಿಕೇಟ್. ಎಲ್ಲ ತುಂಬಿದೆ, ಸಹಿಯ ಜಾಗ ಖಾಲಿ. ಪೆನ್ನು ಎತ್ತಿಕೊಳ್ಳುತ್ತಾಳೆ. ಕ್ಯಾಪ್ ಹಾಕಿ ಪೆನ್ನನ್ನೂ ಒಳಗಿಡುತ್ತಾಳೆ. ಬೀಗ.

ಯಲ್ಲಮ್ಮನಿಗೆ ಕಾಗದ ಬೇಕು, ಶಾರದಾಳಿಗೆ ಈ ಮಾತು ಮುಗಿದರೆ ಸಾಕು. ಇಬ್ಬರೂ ಆ ವಿಷಯದ ಬಗ್ಗೆ ಜೋರಾಗಿ ಒಂದು ಮಾತೂ ಆಡುವುದಿಲ್ಲ. "ಮಲ್ಲು ಊಟ ಮಾಡಿದ್ನಾ" ಅನ್ನುವ ಸಾಲು ಪ್ರೀತಿಯೂ ಹೌದು, ಜಾರಿಕೊಳ್ಳುವುದೂ ಹೌದು. ಇಂಥ ಒಂದು ಸಾಲು ಸಿಕ್ಕರೆ ಅದರ ಸುತ್ತ ಇರುವ ವಿವರಣೆಯನ್ನೆಲ್ಲ ಹೊಡೆದುಹಾಕಿ.

ಸೀನಿಗೆ ಆದಷ್ಟು ತಡವಾಗಿ ಒಳಗೆ ಹೋಗಿ, ಬೇಗ ಹೊರಗೆ ಬನ್ನಿ. ನಮಸ್ಕಾರ, ಕುಳಿತುಕೊಳ್ಳಿ, ಚಹಾ ಕುಡಿತೀರಾ ಇವೆಲ್ಲ ಕಥೆಗೆ ಬೇಕಾದಾಗ ಮಾತ್ರ.

ಯಾರ ಬಾಯಲ್ಲಿ ಯಾವ ಮಾತು

ಮುಂಬೈಯಲ್ಲಿ ಕೂತು ಬರೆಯುವವರಿಗೆ ಇದು ದೊಡ್ಡ ಸಂಪತ್ತು, ದಯವಿಟ್ಟು ಹಾಳು ಮಾಡಬೇಡಿ. ಎಲ್ಲರಿಗೂ ಒಂದೇ ಬೆಂಗಳೂರು ಕನ್ನಡ ಹಾಕಿದರೆ ಈ ಊರೇ ಮಾಯವಾಗುತ್ತದೆ. ಶಾರದಾ ಮನೆಯಲ್ಲಿ ತುಳು ಮಾತಾಡುತ್ತಾಳೆ, ಮಕ್ಕಳಿಗೆ ಪುಸ್ತಕದ ಕನ್ನಡ, ಬೇರೆಯವರ ಜೊತೆ ಮಂಗಳೂರು ಕನ್ನಡ. ಯಲ್ಲಮ್ಮನದು ಕಲ್ಯಾಣ ಕರ್ನಾಟಕದ ಮಾತು. ಕುಲಕರ್ಣಿ ಸರ್ "ಬಾಯಿ, ಪಟಸಂಖ್ಯಾ ಕಿತೀ?" (ಟೀಚರ್, ಪಟಸಂಖ್ಯೆ ಎಷ್ಟು?) ಅಂತ ಮರಾಠಿಯಲ್ಲಿ ಕೇಳುತ್ತಾರೆ, ಅವಳು ಹಿಂದಿ ಬೆರೆಸಿ ಉತ್ತರಿಸುತ್ತಾಳೆ. ಬೇರೆ ಭಾಷೆಯ ಸಂಭಾಷಣೆಯನ್ನು ಸ್ಕ್ರಿಪ್ಟ್‌ನಲ್ಲಿ ಆ ಭಾಷೆಯಲ್ಲೇ ಕನ್ನಡ ಅಕ್ಷರದಲ್ಲಿ ಬರೆದು, ಕೆಳಗೆ ಒಂದು ಸಾಲಿನ ಅರ್ಥ ಕೊಡಿ. ನಿಮಗೆ ಬಾರದ ಮಾತನ್ನು ಊಹೆಯಿಂದ ಬರೆಯಬೇಡಿ. ಆ ಕಡೆಯವರ ಹತ್ತಿರ ಹೇಳಿಸಿ, ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ, ಕೇಳಿ ಬರೆಯಿರಿ. ರೆಕಾರ್ಡ್ ಮಾಡುವ ಮೊದಲು ಅವರನ್ನು ಕೇಳಿ.

ಮೊದಲ ಡ್ರಾಫ್ಟ್ ಮುಗಿದ ಮೇಲೆ

ಎರಡು ವಾರ ಮುಟ್ಟಬೇಡಿ. ಆಮೇಲೆ ಒಂದು ಓದಿಗೆ ಒಂದೇ ಕೆಲಸ. ಒಮ್ಮೆ ಶಾರದಾಳ ಸಾಲು ಮಾತ್ರ ಓದಿ, ಒಮ್ಮೆ ಯಲ್ಲಮ್ಮನದು ಮಾತ್ರ. ಯಲ್ಲಮ್ಮನ ಕಡೆಯಿಂದ ನೋಡಿದರೂ ಅದು ಪೂರ್ತಿ ಕಥೆ ಅನ್ನಿಸಬೇಕು. ಇನ್ನೊಮ್ಮೆ ಸಂಭಾಷಣೆ ಎಲ್ಲ ಮುಚ್ಚಿ ಓದಿ, ಅರ್ಧದಷ್ಟಾದರೂ ಅರ್ಥವಾಗಬೇಕು.

ಒಂದು ಪುಟಕ್ಕೆ ಒಂದು ನಿಮಿಷ ಅನ್ನುವ ಲೆಕ್ಕ ಇಂಗ್ಲಿಷಿನ 12 ಪಾಯಿಂಟ್ ಕೊರಿಯರ್ ಅನ್ನುವ ಫಾಂಟಿಗೆ ಹುಟ್ಟಿದ್ದು. ಕನ್ನಡ ಅಕ್ಷರಕ್ಕೆ ಅದನ್ನು ನಂಬಬೇಡಿ. ಗಡಿಯಾರ ಇಟ್ಟುಕೊಂಡು, ನಟಿಸುವ ವೇಗದಲ್ಲಿ ಜೋರಾಗಿ ಓದಿ. ನಾಲ್ಕು ಜನ ನಾಟಕದ ಗೆಳೆಯರು ಸಿಕ್ಕರೆ ಪಾತ್ರ ಹಂಚಿ ಓದಿಸಿ. ಮುಂಬೈ ಕನ್ನಡಿಗರಲ್ಲಿ ಹವ್ಯಾಸಿ ರಂಗಭೂಮಿಯ ಅಭ್ಯಾಸ ಇದ್ದವರಿಗೆ ಬರವಿಲ್ಲ. ಅವರ ನಾಲಿಗೆ ತಡವರಿಸಿದ ಜಾಗಕ್ಕೆಲ್ಲ ಗುರುತು ಹಾಕಿ.

ಹೊರಗೆ ಕೊಡುವ ಮೊದಲು

ಕಾಪಿರೈಟ್ ಇರುವುದು ಬರೆದ ರೂಪಕ್ಕೆ, ಐಡಿಯಾಕ್ಕೆ ಇಲ್ಲ. ಬಾಯಲ್ಲಿ ಹೇಳಿದ ಎರಡು ಸಾಲನ್ನು ಕಾಪಿರೈಟ್ ಕಾಯುವುದಿಲ್ಲ. ಪೂರ್ತಿ ಬರೆಯಿರಿ. ಅಂಧೇರಿಯ ಸ್ಕ್ರೀನ್‌ರೈಟರ್ಸ್ ಅಸೋಸಿಯೇಷನ್‌ಗೆ ಸದಸ್ಯರಾದರೆ ಆನ್‌ಲೈನ್‌ನಲ್ಲೇ ನೋಂದಣಿ ಮಾಡಬಹುದು. ಕಾಪಿರೈಟ್ ಆಫೀಸಿನಲ್ಲೂ ಸಾಹಿತ್ಯ ಕೃತಿ ಅಂತ ನೋಂದಾಯಿಸಬಹುದು. 1957ರ ಕಾಪಿರೈಟ್ ಕಾಯ್ದೆಗೆ 2012ರಲ್ಲಿ ಬಂದ ತಿದ್ದುಪಡಿ ಬರಹಗಾರರಿಗೆ ರಾಯಲ್ಟಿಯ ಹಕ್ಕು ಕೊಟ್ಟಿದೆ, ಹಾಗಾಗಿ ಒಪ್ಪಂದದಲ್ಲಿ ಆ ಸಾಲುಗಳನ್ನು ಎರಡೆರಡು ಸಲ ಓದಿ. ಹೆಸರು ತೆರೆಯ ಮೇಲೆ ಹೇಗೆ ಬರುತ್ತದೆ, ಯಾವ ಡ್ರಾಫ್ಟ್‌ಗೆ ಎಷ್ಟು ಹಣ, ಯಾವಾಗ, ಎಲ್ಲ ಬರಹದಲ್ಲಿರಲಿ.

ಇನ್ನೂ ಕಲಿಯಬೇಕು ಅನ್ನಿಸಿದರೆ ಪುಣೆಯ ಸರ್ಕಾರಿ ಸಿನಿಮಾ ಶಾಲೆ ಎಫ್‌ಟಿಐಐ ಹತ್ತಿರದಲ್ಲೇ ಇದೆ. 1960ರಲ್ಲಿ ಹಳೆಯ ಪ್ರಭಾತ್ ಸ್ಟುಡಿಯೋ ಜಾಗದಲ್ಲಿ ಶುರುವಾದ ಸಂಸ್ಥೆ, ಚಿತ್ರಕಥೆಗೆ ಸಣ್ಣ ಅವಧಿಯ ಕೋರ್ಸುಗಳನ್ನೂ ನಡೆಸುತ್ತದೆ. ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದ (ಎನ್‌ಎಫ್‌ಡಿಸಿ) ಸ್ಕ್ರೀನ್‌ರೈಟರ್ಸ್ ಲ್ಯಾಬ್‌ಗೆ ಅರ್ಜಿ ಕರೆದಾಗ ಹಾಕಿ. ಗೋವಾದಲ್ಲಿ ಅಂತರರಾಷ್ಟ್ರೀಯ ಚಿತ್ರೋತ್ಸವದ ಹೊತ್ತಿಗೇ ಅವರ ಫಿಲ್ಮ್ ಬಜಾರ್ (ಈಗಿನ ಹೆಸರು ವೇವ್ಸ್ ಫಿಲ್ಮ್ ಬಜಾರ್) ಕೂಡ ನಡೆಯುತ್ತದೆ, ನಿರ್ಮಾಪಕರನ್ನು ಮುಖಾಮುಖಿ ಕಾಣಲು ಒಳ್ಳೆ ಜಾಗ.

ನಿರ್ಮಾಪಕರ ಎದುರು ನರೇಷನ್ ಕೊಡುವಾಗ ಸ್ಕ್ರಿಪ್ಟ್ ಓದಬೇಡಿ, ಕಥೆ ಹೇಳಿ. ಮೊದಲ ಐದು ನಿಮಿಷದಲ್ಲಿ ಶಾರದಾಳಿಗೆ ಏನು ಬೇಕು, ಜುಲೈ ಕೊನೆಯಲ್ಲಿ ಏನಾಗುತ್ತದೆ ಅನ್ನುವುದು ಬಂದುಬಿಡಲಿ. ಇಂಟರ್ವಲ್ ಹೇಳಿ ಒಂದು ಗಳಿಗೆ ನಿಲ್ಲಿಸಿ, ನೀರು ಕುಡಿಯಿರಿ. ಅವರು ಪ್ರಶ್ನೆ ಕೇಳಿದರೆ ಯಾವುದರ ಬಗ್ಗೆ ಕೇಳಿದರು ಅಂತ ನೆನಪಿಟ್ಟುಕೊಳ್ಳಿ. ಎಲ್ಲಿ ಮೊಬೈಲ್ ನೋಡಿದರು ಅನ್ನುವುದನ್ನೂ ಗಮನಿಸಿ, ಹೊರಗೆ ಬಂದ ಕೂಡಲೇ ಆ ಸೀನ್ ನಂಬರ್ ಬರೆದುಕೊಳ್ಳಿ. ಬೇರೆ ಬೇರೆ ಜನರ ಎದುರು ಅದೇ ನಂಬರ್ ಮತ್ತೆ ಮತ್ತೆ ಬಂದರೆ ಆ ಕಾರ್ಡನ್ನು ಮತ್ತೆ ನೆಲದ ಮೇಲೆ ಹರಡಿ, ಅದರ ಹಿಂದಿನ ಸೀನಿನಿಂದ ತಿದ್ದಲು ಶುರು ಮಾಡಿ.